ದೊಡ್ಡಿ ಬಾಗಿಲಿಗೆ ನೀಲಿ ಬಣ್ಣ

ಕುರಿ ಇರುವ ದೊಡ್ಡಿಯ ಬಾಗಿಲಿಗೆ ಯಾರೂ ಏನೂ ಹಚ್ಚುವುದಿಲ್ಲ. ಹಚ್ಚುವ ಕೆಲಸವನ್ನು ಕುರಿಗಳೇ ಮಾಡುತ್ತವೆ. ಬೆಳಿಗ್ಗೆ ಹೊರಡುವಾಗ, ಸಂಜೆ ಒಳಗೆ ಬರುವಾಗ ಒಂದರ ಮೇಲೊಂದು ನುಗ್ಗಿ ಕಟ್ಟಿಗೆಗೆ ಮೈ ಉಜ್ಜುತ್ತವಲ್ಲ, ಆ ಉಣ್ಣೆಯ ಜಿಡ್ಡು ಒಳಗೆ ಇಳಿಯುತ್ತದೆ. ವರ್ಷಗಟ್ಟಲೆ ಇಳಿದು ಇಳಿದು ನಮ್ಮ ಬಾಗಿಲು ಹಳೆಯ ಹುಣಸೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಮಳೆ ಬಿದ್ದರೆ ನೀರು ನಿಲ್ಲದೆ ಜಾರುತ್ತಿತ್ತು. ಗೆದ್ದಲು ಹತ್ತಿರ ಸುಳಿಯುತ್ತಿರಲಿಲ್ಲ. ನನ್ನ ಮಾವ ಜಾಲಿ ಕಟ್ಟಿಗೆಯಿಂದ ಮಾಡಿಸಿದ ಬಾಗಿಲು ಅದು. ನಾನು ಮದುವೆಯಾಗಿ ಈ ಊರಿಗೆ ಬಂದಾಗ ಅದರ ಮೇಲೆ ಅಂಗೈ ಇಟ್ಟು ತೆಗೆದರೆ ಕೈ ಮೆತ್ತಗಾಗಿರುತ್ತಿತ್ತು.

ಹೋದ ಮಳೆಗಾಲ ಕುರಿಗಳು ಬರಲಿಲ್ಲ. ಅವುಗಳ ಹಿಂದೆ ಬರಬೇಕಾದ ನನ್ನ ಗಂಡ ಮೈಲಾರೇಶನೂ ಬರಲಿಲ್ಲ. ಬಾಗಿಲು ಒಂದು ಚಳಿಗಾಲ, ಒಂದು ಬೇಸಿಗೆ ಕಳೆಯುವುದರೊಳಗೆ ಬೂದಿ ಬಣ್ಣಕ್ಕೆ ಬಂತು. ಉದ್ದಕ್ಕೂ ಬಿರುಕು ಬಿಟ್ಟಿತು. ಕೆಳಗಿನ ಅಡ್ಡಪಟ್ಟಿಗೆ ಗೆದ್ದಲು ಮಣ್ಣು ಕಟ್ಟಿತು. ಮೇ ತಿಂಗಳ ಕೊನೆಗೆ ಪಡುವಣದಲ್ಲಿ ಮೋಡ ಕಾಣಿಸಿದಾಗ ನನಗೆ ಒಂದೇ ಚಿಂತೆ. ಈ ಸಲ ಆತ ಬಂದರೆ? ಬಂದು ಬಾಗಿಲು ಎಳೆದಾಗ ಅದು ಕೈಗೇ ಕಿತ್ತು ಬಂದರೆ?

ಸುಗ್ಗಿ ಮುಗಿಯುತ್ತಲೇ ಕುರಿ ಹೊಡೆದುಕೊಂಡು ಸಿರುಗುಪ್ಪ, ಗಂಗಾವತಿ ಕಡೆಯ ಗದ್ದೆ ಬಯಲಿಗೆ ಹೋಗುವುದು, ಬೇಸಿಗೆ ಕೊನೆಗೆ ಹಿನ್ನೀರು ಇಳಿದ ಹಂಪಸಾಗರದ ಬಯಲಿಗೆ ಬಂದು ಹುಲ್ಲು ಮೇಯಿಸುವುದು, ಮಳೆ ಹಿಡಿದ ಮೇಲೆ ಮನೆ ಸೇರುವುದು. ನಮ್ಮವರ ವರ್ಷ ಹೀಗೇ ತಿರುಗುತ್ತದೆ. ಮದುವೆಯಾದಾಗಿನಿಂದ ನಾನೂ ಜೊತೆಗೆ ಹೋಗುತ್ತಿದ್ದೆ. ಬಯಲಿನಲ್ಲೇ ಒಲೆ, ಬಯಲಿನಲ್ಲೇ ಹಾಸಿಗೆ. ಮಗಳು ಸಂಗೀತಾ ಹತ್ತನೆಯ ತರಗತಿ ಪಾಸಾದ ವರ್ಷ ನಾನು, ಈ ಸಲ ಬರುವುದಿಲ್ಲ, ಇವಳನ್ನು ಓದಿಸಬೇಕು ಅಂದೆ. ಆತ ಬೇಡವೆನ್ನಲಿಲ್ಲ. ಓದಲಿ ಅಂದ, ಕಂಬಳಿ ಹೆಗಲಿಗೆ ಹಾಕಿಕೊಂಡು ಹೊರಟ. ನಾನು ಹಗರಿಬೊಮ್ಮನಹಳ್ಳಿಯ ಬಸ್ ನಿಲ್ದಾಣದ ಹತ್ತಿರದ ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಕೆಲಸ ಹಿಡಿದೆ.

ಮೊದಮೊದಲು ಆತ ದಿನಾ ಸಂಜೆ ಫೋನ್ ಮಾಡುತ್ತಿದ್ದ. ಮೊದಲ ಮಳೆಗಾಲಕ್ಕೆ ಮನೆಗೆ ಬಂದು ಹೋದ. ಆಮೇಲೆ ಚಾರ್ಜ್ ಇದ್ದಾಗ ಮಾಡುತ್ತಿದ್ದ. ಆಮೇಲೆ ಚಾರ್ಜ್ ಇದ್ದಾಗಲೂ ಸಂಗೀತಾಳಿಗೆ ಮಾತ್ರ ಮಾಡತೊಡಗಿದ. ಹೋದ ಮಳೆಗಾಲ ಮೈಲಾರದಲ್ಲಿ ತನ್ನ ಅಕ್ಕನ ಊರಿನಲ್ಲೇ ಹಿಂಡು ನಿಲ್ಲಿಸಿಕೊಂಡು, ಇಲ್ಲಿ ಹುಲ್ಲು ಚೆನ್ನಾಗಿದೆ ಅಂತ ಹೇಳಿ ಕಳಿಸಿದ. ಹುಲ್ಲು ಚೆನ್ನಾಗಿಯೇ ಇದ್ದಿರಬಹುದು. 'ಅವ್ವ ಊಟ ಮಾಡಿದ್ಲಾ ಅಂತ ಕೇಳಿದ' ಎಂದು ಸಂಗೀತಾ ಪ್ರತಿ ಸಲ ಹೇಳುತ್ತಾಳೆ. ಆತ ಕೇಳುವುದೋ, ಇವಳೇ ಸೇರಿಸಿ ಹೇಳುವುದೋ, ನಾನು ವಿಚಾರಿಸಲು ಹೋಗಿಲ್ಲ.

ಬಡಿಗೇರ ದುರುಗಪ್ಪನನ್ನು ಕರೆಸಿದೆ. ಕೆಳಗಿನ ಪಟ್ಟಿ ಕಿತ್ತು ಹೊಸದು ಬಡಿದ. ಬಾಗಿಲನ್ನು ಮೇಲಿಂದ ಕೆಳಗೆ ನೋಡಿ ನಕ್ಕ.

"ಏನ್ ಮಂಜಕ್ಕ, ಬಾಗ್ಲ ಒಣಮೀನ ಆಗೇತಲ್ಲ."

"ಒಣಗಿದ್ದು ನನಗೂ ಕಾಣತೈತಿ. ಏನ್ ಹಚ್ಚಬೇಕು ಅದನ್ನ ಹೇಳು."

"ಸುಟ್ಟ ಆಯಿಲ್ ಹಚ್ಚು. ನನ್ ತಮ್ಮನ ಗ್ಯಾರೇಜಿನಾಗ ಡಬ್ಬಿಗಟ್ಲೆ ಬಿದ್ದೈತಿ, ಪುಕ್ಕಟಿ. ಅದರ ವಾಸನಿಗೆ ಗೆದ್ಲು ಊರು ಬಿಟ್ಟು ಹೋಗ್ತಾವು."

"ಗೆದ್ಲು ಹೋಗ್ತಾವು. ಕುರಿ ಮೈಗೆ ಹತ್ತಿದ್ರ? ನೆಕ್ಕಿದ್ರ?"

"ಕುರಿ ಎಲ್ಲದಾವಬೇ ಈಗ?" ಎಂದವನು ತಕ್ಷಣ ಉಳಿ ಹುಡುಕುವ ನೆಪದಲ್ಲಿ ಬಗ್ಗಿ ಚೀಲದೊಳಗೆ ಮುಖ ಹಾಕಿದ. ಬಹಳ ಹೊತ್ತು ಹುಡುಕಿದ. ಉಳಿ ಅವನ ಕಿವಿಯ ಪಕ್ಕ ಬಾಗಿಲ ಅಡ್ಡಪಟ್ಟಿಯ ಮೇಲೆಯೇ ಇತ್ತು.

ಮರುದಿನ ಖಾನಾವಳಿ ಕೆಲಸ ಮುಗಿಸಿ, ಕಾಲೇಜು ಬಿಟ್ಟ ಸಂಗೀತಾಳನ್ನೂ ಕರೆದುಕೊಂಡು ಶ್ರೀನಾಥನ ಪೇಂಟ್ ಅಂಗಡಿಗೆ ಹೋದೆ. ಶ್ರೀನಾಥನಿಗೆ ಗಿರಾಕಿಗಳ ಜೊತೆ ವಾದ ಮಾಡದಿದ್ದರೆ ಉಂಡದ್ದು ಕರಗುವುದಿಲ್ಲ.

"ವಾರ್ನಿಷ್ ಕೊಡ್ರಿ. ಕಟ್ಟಿಗಿ ಕಟ್ಟಿಗಿ ಕಂಡಂಗ ಇರಬೇಕು," ಅಂದೆ.

"ಎಲ್ಲಿಗಿ ಹಚ್ಚೋದು?"

"ದೊಡ್ಡಿ ಬಾಗ್ಲಕ್ಕ. ಬಿಸಿಲು, ಮಳಿ ಎರಡೂ ಅದರ ಮ್ಯಾಲೇ."

"ಹಂಗಾದ್ರ ಬ್ಯಾಡ್ರಿ. ಅದು ಮನಿ ಒಳಗಿಂದು. ನಮ್ಮ ಬಿಸಿಲಿಗೆ ಒಂದು ವರ್ಷ ತಡದ್ರ ಹೆಚ್ಚು, ಆಮ್ಯಾಲೆ ಹಾವಿನ ಪೊರಿ ಸುಲದಂಗ ಸುಲಿತೈತಿ. ಕಾಯಿಸಿದ ಅಗಸಿ ಎಣ್ಣಿ ಐತಿ ನೋಡ್ರಿ. ಕಟ್ಟಿಗಿ ಕುಡಿತೈತಿ, ಒಳಗಿಂದ ಗಟ್ಟಿ ಆಗತೈತಿ. ಬಿರುಕು ಬಿಡಂಗಿಲ್ಲ. ಆದ್ರ ವರ್ಷಾ ವರ್ಷಾ ಮಳಿಗಿಂತ ಮುಂಚೆ ಹಚ್ಚಬೇಕು. ಒಂದ್ಸಲ ತಪ್ಪಿದ್ರ ಮತ್ತ ಇದ ಗತಿ."

ಮುಚ್ಚಳ ತೆರೆದು ಮೂಸಿ ನೋಡಿದೆ. ಚಟ್ನಿಪುಡಿ ಮಾಡುವಾಗ ಅಗಸೆ ಹುರಿದ ಘಮವೇ, ಸ್ವಲ್ಪ ಘಾಟು ಹೆಚ್ಚು. ಇದೇ ಸರಿ ಅನ್ನಿಸಿತು. ಕುರಿ ಜಿಡ್ಡಿನ ಹಾಗೆ ಒಳಗೆ ಇಳಿಯುವಂಥದ್ದು. ಆದರೆ ವರ್ಷಾ ವರ್ಷಾ ಅಂದನಲ್ಲ. ಪ್ರತಿ ವರ್ಷ ಮೋಡ ಕಂಡಾಗ ಕೈಯಲ್ಲಿ ಬಟ್ಟೆ ಹಿಡಿದು ಆ ಬಾಗಿಲ ಮುಂದೆ ನಿಲ್ಲಬೇಕು. ನಿಂತಾಗಲೆಲ್ಲ ಈ ಸಲ ಬರುತ್ತಾನೋ ಇಲ್ಲವೋ ಎಂದು ಕಟ್ಟಿಗೆಯನ್ನು ಕೇಳಬೇಕು. ದಿನವೆಲ್ಲ ಬಡಿದು ಬಂದ ತೋಳು, ಬಾಟಲಿ ಎತ್ತಿ ಹಿಡಿದದ್ದಕ್ಕೇ ನೋಯುತ್ತಿತ್ತು. ಕೆಳಗಿಟ್ಟೆ.

"ಒಂದ್ಸಲ ಹಚ್ಚಿದ್ರ ಸುಮಾರು ವರ್ಷ ನನ್ನ ಕೇಳಬಾರದು. ಅಂಥದ್ದು ಕೊಡ್ರಿ."

"ಹಂಗಾದ್ರ ಎನಾಮಲ್. ಮೊದ್ಲು ಪ್ರೈಮರ್, ಮ್ಯಾಲೆ ಎರಡು ಕೈ."

"ಕುರಿ ಮೈ ಉಜ್ಜಿದ್ರ ಹೋಗತೈತೇನ್ರಿ?"

"ಒಣಗಿದ ಮ್ಯಾಲೆ ಆನಿ ಬಂದು ಉಜ್ಜಲಿ. ಒಣಗೋ ತನಕ ಮಾತ್ರ ಯಾರೂ ಮುಟ್ಟಬಾರದು. ಇಡೀ ಒಂದು ದಿನ ಬಿಡಬೇಕು. ಯಾವ ಬಣ್ಣ ಕೊಡ್ಲಿ?"

ನಾನು ಕಂದು ಅನ್ನುವುದರೊಳಗೆ ಸಂಗೀತಾ, "ನೀಲಿ," ಅಂದಳು.

"ನೀಲಿ ಯಾಕಬೇ?"

"ಎಲ್ಲಾ ಕಂದು ಐತಲ್ಲ ಯವ್ವಾ. ಕುರಿ, ಕಂಬಳಿ, ಮಣ್ಣು, ಅಪ್ಪ."

ಶ್ರೀನಾಥ ಜೋರಾಗಿ ನಕ್ಕು ನೀಲಿ ಡಬ್ಬಿಯನ್ನೇ ಇಳಿಸಿದ.

ಭಾನುವಾರ ತಾಯಿ ಮಗಳು ಕೂತು ಮರಳುಕಾಗದದಿಂದ ಬಾಗಿಲು ಉಜ್ಜಿದೆವು. ಮೇಲುಭಾಗ ಬೇಗ ಮುಗಿಯಿತು. ಮೊಳಕಾಲಿನಿಂದ ತೊಡೆಯ ಎತ್ತರದವರೆಗೆ ಕಾಗದ ಜಾರುತ್ತಿತ್ತು, ಜಿಗಟಾಗಿ ಮುದ್ದೆಗಟ್ಟುತ್ತಿತ್ತು. ಮೇಲೆ ಬೂದಿಯಾದರೂ ಒಳಗೆ ಹಳೆಯ ಜಿಡ್ಡು ಹಾಗೇ ಕೂತಿತ್ತು. ಜಿಡ್ಡಿನ ಮೇಲೆ ಬಣ್ಣ ಹಿಡಿಯುವುದಿಲ್ಲ, ಟರ್ಪಂಟೈನ್ ಹಾಕಿ ಒರೆಸಿ ಅಂತ ಶ್ರೀನಾಥ ಹೇಳಿದ್ದ. ಒರೆಸಿದೆವು. ಬಿಳಿ ಬಟ್ಟೆ ಕಂದಾಯಿತು. ಬಿಸಿಲಿಗೆ ಅದರಿಂದ ಉಣ್ಣೆಯ, ಹಾಲಿನ, ಹಿಕ್ಕೆಯ ವಾಸನೆ ಎದ್ದಿತು. ಸಂಗೀತಾ ಬಟ್ಟೆಯನ್ನು ಮೂಗಿನ ಹತ್ತಿರ ಹಿಡಿದು, "ಅಪ್ಪನ ವಾಸನಿ ಬರತೈತಿ," ಅಂದಳು. ನಾನು ಬಟ್ಟೆ ಕಸಿದುಕೊಂಡು ಇನ್ನೊಮ್ಮೆ ಒರೆಸಿದೆ.

ಎದುರು ಮನೆಯ ಓಬಮ್ಮ ಕಟ್ಟೆಯ ಮೇಲೆ ಕೂತು ಎಲೆಅಡಿಕೆ ಹಾಕಿಕೊಳ್ಳುತ್ತ ಎಲ್ಲವನ್ನೂ ನೋಡುತ್ತಿದ್ದಳು. ಅವಳಿಗೆ ನನ್ನ ಅತ್ತೆಯ ವಯಸ್ಸು, ಅತ್ತೆಯದೇ ಬಾಯಿ.

"ಏನ ಮಂಜಿ, ದೊಡ್ಡಿ ಬಾಗ್ಲಕ್ಕ ಬಣ್ಣಾ? ನಮ್ ಓಣ್ಯಾಗ ಬಣ್ಣ ಹೊಡಿಸಿದೋರು ಕುರಿ ಮಾರಿದೋರು ಅಷ್ಟ. ಬಣ್ಣ ಹೊಡದು ಒಳಗ ಮೋಟರ್ ಸೈಕಲ್ ನಿಂದರಸ್ತಾರ."

"ನಾ ಮಾರಿಲ್ಲಬೇ. ಮಳಿಗಿ ಕೆಡಬಾರದಂತ ಹೊಡಿಯಾಕ ಹತ್ತೀನಿ."

"ನನಗ ಗೊತ್ತೈತಿ ಬಿಡು. ನೋಡೋ ಮಂದಿಗಿ ಗೊತ್ತಾಗಬೇಕಲ್ಲ."

ಮಂದಿ ನೋಡಿದರೆ ನೋಡಲಿ ಅಂದುಕೊಂಡೆ. ಅಂದು ಪ್ರೈಮರ್ ಬಳಿದೆವು. ಸೋಮವಾರ ಬೆಳಕು ಹರಿಯುತ್ತಲೇ ಎದ್ದು ನೀಲಿಯ ಮೊದಲ ಕೈ ಬಳಿದೆ. ಬಾಗಿಲಿಗೆ ಚಿಲಕ ಹಾಕಿ, ಮಕ್ಕಳು ಮುಟ್ಟದಂತೆ ನೋಡಿಕೋ ಎಂದು ಓಬಮ್ಮನಿಗೆ ಹೇಳಿ ಬಸ್ ಹತ್ತಿದೆ. ಅಂದು ಬಡಿದ ರೊಟ್ಟಿಗಳಿಗೂ ಎಲ್ಲೋ ಬಣ್ಣದ ವಾಸನೆ ಬರುತ್ತಿದೆ ಅನ್ನಿಸುತ್ತಿತ್ತು. ಉಗುರಿನಲ್ಲಿ ಉಳಿದಿದ್ದ ನೀಲಿ ನೋಡಿ ಖಾನಾವಳಿಯ ಹೆಂಗಸರು, "ಏನ್ರಿ, ಮನ್ಯಾಗ ಮದಿವಿ ಐತೇನು?" ಅಂತ ಕಾಡಿಸಿದರು. ಹೌದು, ಬೀಗರು ಬರುತ್ತಾರೆ ಅಂದೆ.

ಸಂಜೆ ಬಸ್ಸಿಳಿದು ಬಂದಾಗ ದೂರದಿಂದಲೇ ಬಾಗಿಲು ಬೇರೆ ಥರ ಕಂಡಿತು. ಮೇಲುಭಾಗ ನೀಲಿ, ಕೆಳಭಾಗ ನೀಲಿ, ನಡುವೆ ಮೊಳಕಾಲಿನಿಂದ ತೊಡೆಯೆತ್ತರದವರೆಗೆ ಬಣ್ಣ ಕಿತ್ತುಹೋಗಿ ಪ್ರೈಮರಿನ ಗುಲಾಬಿ. ಹತ್ತಿರ ಹೋದೆ. ಕಿತ್ತ ಜಾಗದ ಅಂಚಿಗೆ ಕೂದಲು ಅಂಟಿತ್ತು. ಬಿಳಿ, ಕಪ್ಪು, ಕಂದು. ಬಾಗಿಲ ಮುಂದಿನ ನೆಲ ಕಾಣದಂತೆ ಹಿಕ್ಕೆ ಬಿದ್ದಿತ್ತು. ಹಿಂಡು ಹಾದುಹೋದರೆ ಹಿಕ್ಕೆ ದಾರಿಯುದ್ದಕ್ಕೂ ಚೆಲ್ಲಿರುತ್ತದೆ. ಇಲ್ಲಿ ಒಂದೇ ಕಡೆ ರಾಶಿಯಾಗಿತ್ತು. ಹಿಂಡು ಇಲ್ಲಿ ನಿಂತಿದೆ, ಬಹಳ ಹೊತ್ತು ನಿಂತಿದೆ.

ಓಬಮ್ಮ ಕಟ್ಟೆ ಇಳಿದು ಬಂದಳು. "ನಿನ್ ಗಂಡ ಬಂದಿದ್ನಬೇ."

ನಾನು ಮನೆಯ ಕಡೆ ತಿರುಗಿದೆ. ಬೀಗ ಹಾಕಿದಂತೆಯೇ ಇತ್ತು.

"ಅವ ಅಂದ್ರ, ಮೊದ್ಲು ಕುರಿ ಬಂದ್ವು. ಅವ ರಸ್ತಿ ಹಿಡದು ಮುಂದ ಮುಂದ ಹೊಂಟಿದ್ದ. ಆ ಗಂಟಿ ಕಟ್ಟಿದ ಮುದಿ ಕುರಿ ಐತಲ್ಲ, ಅದು ಸರ್‍ರನೆ ತಿರುಗಿ ಬಾಗ್ಲಕ್ಕ ಬಂತು. ಅದರ ಹಿಂದ ಎಲ್ಲಾವೂ. ಬಾಗ್ಲಕ್ಕ ತಲಿ ಕೊಟ್ಟು ಒದರಿದ್ದ ಒದರಿದ್ದು. ನಾ ಕೋಲು ಹಿಡದು, ಬಣ್ಣ ಹಸಿ ಐತ್ರೋ ಅಂತ ಕೂಗಿದ್ರ ಕುರಿಗಿ ತಿಳಿತೈತೇನು?"

"ಅವ ಏನ್ ಮಾಡಿದ?"

"ಬಂದು ನಿಂತ. ಬಾಗ್ಲ ನೋಡಿದ. ಬಟ್ಟು ಹಚ್ಚಿ, ಬಟ್ಟಿಗೆ ಹತ್ತಿದ ಬಣ್ಣ ನೋಡಿಕೊಂಡ. 'ಬಣ್ಣ ಹೊಡದಾಳೇನಬೇ' ಅಂದ. ಹೌದಪ್ಪ, ಮಳಿಗಿ ಅಂದೆ. ಕೇಳಿಸ್ತೋ ಇಲ್ಲೋ ಅವಗ. ಚಾ ಕುಡಿ ಬಾ ಅಂದ್ರ ವೇಳ್ಯಾ ಆಗೇತಿ ಅಂದ. ಕುರಿ ಕಾಯೋನಿಗಿ ಏನ್ ವೇಳ್ಯಾ? ರೈಲು ಹಿಡಿಬೇಕಾಗಿತ್ತೇನು?" ಓಬಮ್ಮ ನನ್ನ ಮುಖ ನೋಡಿ ದನಿ ಇಳಿಸಿದಳು. "ಹಂಪಸಾಗರದ ಕಡಿಗೆ ಹೊಡಕೊಂಡು ಹೋಗ್ಯಾನ. ನಾ ನಿನ್ನಿ ಅಂದಿಲ್ಲೇನು, ಬಣ್ಣ ಬ್ಯಾಡಂತ?"

ನಾನು ಅಳಲಿಲ್ಲ. ನಿಜ ಹೇಳಬೇಕೆಂದರೆ ಎದೆಯಲ್ಲಿ ಏನೋ ಹಗುರವಾಯಿತು. ಹಾಗಾದರೆ ಇದು ಬಣ್ಣದಿಂದ ಆದದ್ದು. ದೊಡ್ಡಿ ಇನ್ನು ಕುರಿಗಲ್ಲ ಎಂದು ಆತ ತಿಳಿದುಕೊಂಡ. ತಪ್ಪು ತಿಳಿದದ್ದನ್ನು ತಿದ್ದಬಹುದು. ಬಣ್ಣ ಕೆರೆದು ಹಾಕಬಹುದು. ಬರದೆ ಇದ್ದ ಒಂದೂವರೆ ವರ್ಷಕ್ಕೆ ನನಗೆ ಸಿಕ್ಕಿದ್ದ ಮೊದಲ ಕಾರಣ ಅದು. ಕೈಯಿಂದ ಮುಟ್ಟಬಹುದಾದ ಕಾರಣ.

ಮರುದಿನ ಖಾನಾವಳಿಗೆ ಹೋಗಲಿಲ್ಲ. ಸಂಗೀತಾ ಕಾಲೇಜಿಗೆ ಹೊರಡುವಾಗ, "ಅಪ್ಪನ್ನ ಕರಕೊಂಡ ಬಾ," ಅಂದಳು. ರೊಟ್ಟಿ, ಚಟ್ನಿಪುಡಿ ಕಟ್ಟಿಕೊಂಡು ಹಂಪಸಾಗರದ ಬಸ್ ಹಿಡಿದೆ. ಊರು ದಾಟಿ ಇಳಿಜಾರಿನಲ್ಲಿ ನಡೆದರೆ ಹೊಳೆಯ ಬಯಲು. ನೀರು ದೂರ ಹೋಗಿ ಗೆರೆಯಾಗಿತ್ತು. ನೀರಿದ್ದ ಕಡೆಯೆಲ್ಲ ಹಸಿರು, ಹಸಿರಿನ ಮೇಲೆ ಎಲ್ಲೆಲ್ಲಿಂದಲೋ ಬಂದ ಹಿಂಡುಗಳು. ನಮ್ಮದನ್ನು ಹುಡುಕುವ ಕಷ್ಟವೇ ಬೀಳಲಿಲ್ಲ. ಒಂದು ಹಿಂಡಿನಲ್ಲಿ ಮಾತ್ರ ಅಲ್ಲಲ್ಲಿ ನೀಲಿ ಮಿನುಗುತ್ತಿತ್ತು.

ಆತ ನೆಲಕ್ಕೆ ಕೂತು, ಒಂದು ಕುರಿಯನ್ನು ಮಂಡಿಯ ನಡುವೆ ಒತ್ತಿ ಹಿಡಿದು, ಬಣ್ಣ ಹತ್ತಿದ ಉಣ್ಣೆಯನ್ನು ಕತ್ತರಿಯಿಂದ ಕತ್ತರಿಸುತ್ತಿದ್ದ. ಕೂದಲು ಇನ್ನಷ್ಟು ಬೆಳ್ಳಗಾಗಿತ್ತು. ತಲೆ ಎತ್ತಿ ನೋಡಿ, "ಬಂದ್ಯಾ? ಕಾಲು ಹಿಡಿ, ಒದಿಯಾಕ ಹತ್ತೈತಿ," ಅಂದ. ನಿನ್ನೆ ಸಂಜೆ ಬಿಟ್ಟು ಹೋದವಳಿಗೆ ಹೇಳಿದ ಹಾಗೆ. ಬುತ್ತಿ ಕೆಳಗಿಟ್ಟು ಕುರಿಯ ಕಾಲು ಹಿಡಿದೆ.

"ನೀಲಿ ಕುರಿ ಮಾಡಿಟ್ಟೀಯಲ್ಲಬೇ. ಮಂದಿ ಹಾದಿಗುಂಟ ನಕ್ರು. ಇವು ಯಾವ ಕಂಪನಿವು ಅಂತ ಕೇಳಿದ ಒಬ್ಬ."

"ನೀ ಏನಂದಿ?"

"ಫಾರಿನ್ ತಳಿ ಅಂದೆ."

ನಗು ಬಂತು. ಆತನೂ ನಕ್ಕ. ಕುರಿ ಒಂದಾದ ಮೇಲೊಂದು ಬಂತು, ಆತ ಕತ್ತರಿಸಿದ, ನಾನು ಕಾಲು ಹಿಡಿದೆ. ಬಯಲಿನಲ್ಲಿ ಒಲೆ ಹೂಡುತ್ತಿದ್ದ ವರ್ಷಗಳಲ್ಲಿ ಹೀಗೇ ಇರುತ್ತಿದ್ದೆವು. ಮಾತಿಗಿಂತ ಕೆಲಸ ಹೆಚ್ಚು. ಆ ಧೈರ್ಯದ ಮೇಲೆ ಹೇಳಿದೆ.

"ಬಣ್ಣ, ಕುರಿ ಬರಬಾರದಂತ ಹೊಡದಿದ್ದಲ್ಲ. ನೀ ಬಂದ್ರ ಬಾಗ್ಲ ಗಟ್ಟಿ ಇರಲಿ ಅಂತ ಹೊಡದಿದ್ದು. ನಾಳಿಗೇ ಕೆರದು ಹಾಕ್ತೀನಿ. ಎಣ್ಣಿ ಹಚ್ಚಿದ್ರಾತು."

"ಯಾಕ ಕೆರಿತಿ? ಚಲೋ ಐತಿ. ಮಳಿಗಿ ತಡಿತೈತಿ."

"ಅದನ್ನ ನೋಡಿ ನೀ ಹೋದಿ ಅಂದ್ಲು ಓಬಮ್ಮ."

ಕತ್ತರಿ ನಿಂತಿತು. ಆತ ಕುರಿಯ ಬೆನ್ನಿನ ಮೇಲೆ ಕೈ ಇಟ್ಟುಕೊಂಡು ಹೊಳೆಯ ಕಡೆ ನೋಡಿದ.

"ಬಣ್ಣ ನೋಡಿ ಹೋಗ್ಲಿಲ್ಲ, ಮಂಜಿ."

"ಮತ್ತ?"

"ನೀ ರೊಟ್ಟಿ ಬಡಿಯಾಕ ಹೋಗಿರ್ತಿ, ಆಕಿ ಕಾಲೇಜಿಗಿ ಹೋಗಿರ್ತಾಳ ಅಂತ ಗೊತ್ತಿತ್ತು. ನೋಡಿಕೊಂಡ ಆ ಹೊತ್ತಿಗಿ ಊರು ದಾಟಾಕ ಬಂದೆ. ಈ ಮುದಿ ಸುಡುಗಾಡು ಕುರಿಗಿ ಮನಿ ನೆನಪಾಗಬೇಕೇನು ಅವಾಗ?"

ಗಂಟೆ ಕಟ್ಟಿದ ಕುರಿ ಆಚೆ ನಿಂತು ಮೇಯುತ್ತಿತ್ತು. ಅದರ ಹಣೆಯೆಲ್ಲ ನೀಲಿ.

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಕುರಿಯ ಕಾಲು ಹಿಡಿದಿದ್ದ ಕೈ ಸಡಿಲವಾಯಿತು, ಅದು ಅರ್ಧ ಕತ್ತರಿಸಿದ ಮೈಯಲ್ಲೇ ಎದ್ದು ಓಡಿತು. ಇಬ್ಬರೂ ಅದನ್ನು ಹಿಡಿಯಲು ಹೋಗಲಿಲ್ಲ.

"ಯಾಕ ಅಂತನಾದ್ರೂ ಹೇಳು."

ಆತ ಕತ್ತರಿಯ ಬಾಯಿಗೆ ಹತ್ತಿದ ಬಣ್ಣವನ್ನು ಉಗುರಿನಿಂದ ಕೆರೆದ.

"ಕಡೀ ಸಲ ಮಳಿಗಾಲಕ್ಕ ಬಂದೆ ನೋಡು, ಬೆಳಿಗ್ಗೆ ನೀ ಹೊಂಟಿ, ಆಕಿ ಹೊಂಟಳು. ಆ ಮನ್ಯಾಗ ನಾ ಒಬ್ಬನ ಕುಂತೆ. ಸಂಜಿಕ ನೀವು ಬಂದ್ರಿ, ಉಂಡ್ರಿ, ದಣದು ಮಕ್ಕೊಂಡ್ರಿ. ನಾ ಮತ್ತ ಒಬ್ಬನ. ಇಲ್ಲಿ ಬಯಲಾಗ ಒಬ್ಬನ ಇದ್ರ ಒಬ್ಬನ ಅದೀನಿ ಅನ್ಸಂಗಿಲ್ಲ. ಅಲ್ಲಿ ಅನಸತೈತಿ. ಸಿಟ್ಟಿಲ್ಲ ನನಗ. ನಿನ್ನ ಮ್ಯಾಲೂ ಇಲ್ಲ, ಆಕಿ ಓದಿನ ಮ್ಯಾಲೂ ಇಲ್ಲ."

"ನಾ ಕೆಲಸ ಬಿಡ್ಲೇನು?"

"ಬಿಟ್ರ ಆಕಿ ಓದು?"

"ಮತ್ತ ಕುರಿ ಮಾರ್ತೀಯಾ?"

"ಮಾರಿ ಏನ್ ಮಾಡ್ಲಿ? ನಿಮ್ ಖಾನಾವಳಿಯಾಗ ತಾಟು ತೊಳಿಲಾ?"

ಅದೂ ಹಾಸ್ಯವೇ, ಆದರೆ ಇಬ್ಬರಿಗೂ ನಗು ಬರಲಿಲ್ಲ. ಆತ ಸುಳ್ಳು ಹೇಳಬಹುದಿತ್ತು. ಬಣ್ಣ ನೋಡಿ ತಪ್ಪು ತಿಳಿದೆ, ಕೆರೆದು ಹಾಕು, ಬರುತ್ತೇನೆ ಅನ್ನಬಹುದಿತ್ತು. ಅಂದಿದ್ದರೆ ನಾನು ಅಂದೇ ಮನೆಗೆ ಹೋಗಿ ಉಗುರು ಕಿತ್ತುಬರುವವರೆಗೆ ಕೆರೆಯುತ್ತಿದ್ದೆ. ನನಗೂ ಮನೆಯಲ್ಲಿ ಹಾಗೇ ಅನ್ನಿಸುತ್ತದೆ ಅಂತ ಹೇಳಬೇಕೆಂದು ಬಾಯಿ ತೆರೆದೆ. ಸಂಗೀತಾ ಪುಸ್ತಕ ಹಿಡಿದು ಕೂತ ಮೇಲೆ, ಒಲೆ ಆರಿಸಿದ ಮೇಲೆ ನಾನೂ ಒಬ್ಬಳೇ. ಹೇಳಲಿಲ್ಲ. ಹೇಳಿದರೆ ಅದನ್ನೂ ಆತ ಹೊತ್ತುಕೊಂಡು ತಿರುಗಬೇಕಲ್ಲ, ಕಂಬಳಿಯ ಜೊತೆಗೆ.

ಕಲ್ಲಿನ ಮೇಲೆ ಕೂತು ರೊಟ್ಟಿ ತಿಂದೆವು. ಮಳೆ ಜೋರಾಗಿ ಹೊಳೆ ತುಂಬಿದ ಮೇಲೆ ಮೈಲಾರದ ಕಡೆ ಹೋಗುತ್ತೇನೆ ಅಂದ. ಸಂಗೀತಾಳ ಪರೀಕ್ಷೆ ಯಾವಾಗ ಅಂತ ಕೇಳಿದ. ಹೇಳಿದೆ. ಬಸ್ಸಿನ ಹೊತ್ತಾಯಿತು ಅಂದಾಗ ಎದ್ದು ಬಯಲಿನ ಏರಿನವರೆಗೆ ಜೊತೆಗೆ ಬಂದ. ಅಲ್ಲಿ ನಿಂತು, "ಇನ್ನೊಂದು ಕೈ ಹೊಡಿ. ಒಂದ ಕೈ ಹೊಡದು ಬಿಟ್ರ ನೀರು ಇಳಿತೈತಿ," ಅಂದು ಹಿಂತಿರುಗಿದ.

ಊರು ಸೇರಿದಾಗ ಮೋಡ ಇತ್ತು, ಗಾಳಿ ಇರಲಿಲ್ಲ. ಸಂಗೀತಾ ಕಾಲೇಜಿನಿಂದ ಬಂದು ಮೆಟ್ಟಿಲ ಮೇಲೆ ಕೂತಿದ್ದಳು. ನನ್ನ ಹಿಂದೆ ರಸ್ತೆಯವರೆಗೂ ನೋಡಿದಳು.

"ಬರ್ತಾನಂತಾ?"

"ಈ ಮಳಿಗಿ ಇಲ್ಲ."

"ಬಣ್ಣಕ್ಕ ಸಿಟ್ಟಾದನಾ?"

"ಬಣ್ಣ ಚಲೋ ಐತಿ ಅಂದ."

ಅವಳು ಎದ್ದಳು. ಒಳಗೆ ಹೋಗಿ ಡಬ್ಬಿ, ಎರಡು ಬ್ರಷ್ ತಂದಳು. ಅಂಟಿದ್ದ ಕೂದಲನ್ನು ಕೀಳಲು ನೋಡಿದೆ. ಕೂದಲಿನ ಜೊತೆ ಬಣ್ಣವೂ ಕಿತ್ತು ಬಂತು. ಬಿಟ್ಟುಬಿಟ್ಟೆ, ಮೇಲೆಯೇ ಬಳಿದೆ. ಈ ಸಲ ಅಂಚುಗಳಿಗೂ ಬಳಿಯಬೇಕಿತ್ತು. ಕಟ್ಟಿಗೆ ನೀರು ಕುಡಿಯುವುದು ತುದಿಗಳಿಂದಲೇ. ಬಾಗಿಲು ಪೂರ್ತಿ ತೆರೆದು, ಅಲುಗಾಡದಂತೆ ಕಲ್ಲು ಒರಗಿಸಿ, ಮೇಲಿನ ಅಂಚು, ಕೆಳಗಿನ ಅಂಚು, ಚಿಲಕದ ಬದಿ ಎಲ್ಲ ಬಳಿದು ಮುಗಿಸುವಾಗ ಕತ್ತಲು ಕವಿಯುತ್ತಿತ್ತು.

"ತೆರದ ಬಿಡೋದೇನು ರಾತ್ರಿ ಪೂರ್ತಿ?" ಅಂತ ಓಬಮ್ಮ ಕಟ್ಟೆಯಿಂದ ಕೂಗಿದಳು.

"ಒಣಗಬೇಕಲ್ಲಬೇ," ಅಂದೆ.

ಮುಚ್ಚಿದರೆ ಅಂಚು ಅಂಟಿಕೊಳ್ಳುತ್ತದೆ. ತೆರೆದೇ ಬಿಟ್ಟೆವು. ದೊಡ್ಡಿಯಲ್ಲಿ ಕಾಯಬೇಕಾದದ್ದು ಏನೂ ಇರಲಿಲ್ಲ.